ಕುಂಬಳಕಾಯಿ ಕಳ್ಳನ ಹೆಗಲು, ಲೂಫಿಯ ಟೋಪಿ

ಒಂದು ಬುರುಡೆ. ಅದರ ಹಿಂದೆ ಅಡ್ಡಡ್ಡ ಎರಡು ಮೂಳೆ. ತಲೆ ಮೇಲೆ ಕೆಂಪು ಪಟ್ಟಿಯ ಹುಲ್ಲಿನ ಟೋಪಿ. ಬಾಯಿ ತುಂಬ ಹಲ್ಲು. ಇಷ್ಟೇ ಚಿತ್ರ. ನನ್ನ ಅಕ್ಕನ ಮಗ ಹತ್ತು ವರ್ಷದವನಿದ್ದಾಗ ನಮ್ಮ ಮನೆ ಗೋಡೆ ಮೇಲೆ ಇದನ್ನು ಸ್ಕೆಚ್ ಪೆನ್ನಲ್ಲಿ ಬರೆದಿದ್ದ. ಆಮೇಲೆ ಎರಡು ಸಲ ಸುಣ್ಣ ಹೊಡೆಸಿದ್ದೇವೆ. ಈಗಲೂ ಮಳೆಗಾಲದಲ್ಲಿ ಗೋಡೆ ಒದ್ದೆಯಾದರೆ ಹಲ್ಲು ಕಾಣುತ್ತದೆ.

ಈ ಚಿತ್ರ ಇಂಡೋನೇಷ್ಯಾವನ್ನು ಒಡೆದು ಚೂರು ಮಾಡಲಿದೆ ಎಂದು 2025ರ ಆಗಸ್ಟ್‌ನಲ್ಲಿ ಅಲ್ಲಿನ ದೊಡ್ಡವರಿಗೆ ತಿಳಿದುಬಂತು.

ಆಗಿದ್ದು ಹೀಗೆ. ಆಗಸ್ಟ್ 17 ಅವರ ಸ್ವಾತಂತ್ರ್ಯ ದಿನ. ಅದು 80ನೇ ವರ್ಷ ಬೇರೆ. ಮನೆಮನೆಯಲ್ಲೂ ಕೆಂಪು-ಬಿಳಿ ಬಾವುಟ ಹಾರಿಸಿ ಎಂದು ಅಧ್ಯಕ್ಷ ಪ್ರಬೋವೊ ಕರೆ ಕೊಟ್ಟರು. ಜನ ಹಾರಿಸಿದರು. ಜೊತೆಗೆ ಇನ್ನೊಂದನ್ನೂ ಹಾರಿಸಿದರು. ಜಾಸ್ತಿ ಲೋಡ್ ಹಾಕುವ ಲಾರಿಗಳ ಮೇಲೆ ಬರುತ್ತಿದ್ದ ಬಿಗಿ ನಿಯಮಕ್ಕೆ ಸಿಟ್ಟಾಗಿದ್ದ ಲಾರಿ ಚಾಲಕರು 'ಒನ್ ಪೀಸ್' ಎಂಬ ಮಾಂಗಾದ, ಅಂದರೆ ಜಪಾನಿ ಚಿತ್ರಕಥೆಯ, ಕಡಲ್ಗಳ್ಳರ ಬಾವುಟವನ್ನು ಗಾಡಿಗೆ ಕಟ್ಟಿಕೊಂಡು ಹೊರಟರು. ಲಾರಿಯಿಂದ ಅದು ಮನೆಗಳ ಗೇಟಿಗೆ ಬಂತು, ಗೇಟಿನಿಂದ ಗೋಡೆಗೆ ಹತ್ತಿತು. ದರ್ಜಿಗಳಿಗೆ ಹಬ್ಬವೋ ಹಬ್ಬ.

ಲಾರಿ ಚಾಲಕರು ಯಾರನ್ನೂ ಹೆಸರಿಡಿದು ಬೈದಿರಲಿಲ್ಲ. ಆದರೆ ಸಂಸತ್ತಿನ ಉಪಸಭಾಪತಿಯೊಬ್ಬರಿಗೆ ಇದರಲ್ಲಿ ದೇಶ ಒಡೆಯುವ ಯತ್ನ ಕಾಣಿಸಿತು. ಇನ್ನೊಬ್ಬ ಸಂಸದರ ಬಾಯಲ್ಲಿ ದೇಶದ್ರೋಹ ಅನ್ನುವ ಮಾತೇ ಬಂತು. ರಾಷ್ಟ್ರಧ್ವಜವನ್ನು ಬೇರೆ ಯಾವ ಲಾಂಛನದ ಕೆಳಗೂ ಹಾರಿಸಬಾರದು, ಹುಷಾರ್, ಎಂದು ಸಚಿವರೊಬ್ಬರು ಕಾನೂನು ನೆನಪಿಸಿದರು. ಪಾಪ, ಎಷ್ಟೋ ಜನ ಬುರುಡೆಯನ್ನು ಮರ್ಯಾದೆಯಾಗಿ ಕೆಳಗೇ ಕಟ್ಟಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ನಮ್ಮ ಗಾದೆ. ಇಲ್ಲಿ ಕಳ್ಳ ಅಂತಲೂ ಯಾರೂ ಅಂದಿರಲಿಲ್ಲ. ಸುಮ್ನೆ ಕುಂಬಳಕಾಯಿಯ ಚಿತ್ರ ತೋರಿಸಿದ್ದರು, ಅಷ್ಟೇ.

ಇನ್ನೂ ಒಂದು ಮಜಾ ಇದೆ. ಇದೇ ಬುರುಡೆಯ ಪಿನ್ ಅನ್ನು 2024ರ ಚುನಾವಣೆ ಸಮಯದಲ್ಲಿ ಒಬ್ಬ ಅಭ್ಯರ್ಥಿ ಎದೆಗೆ ಸಿಕ್ಕಿಸಿಕೊಂಡಿದ್ದರು. ಅವರ ಹೆಸರು ಗಿಬ್ರಾನ್. ಅವರೀಗ ಉಪಾಧ್ಯಕ್ಷರು. ಓಟು ಕೇಳುವಾಗ ಬುರುಡೆ ಯುವಜನರ ಗೆಳೆಯ, ಓಟು ಎಣಿಸಿದ ಮೇಲೆ ದೇಶಕ್ಕೆ ಅಪಾಯ!

ಹೆದರಿದವರನ್ನು ನಾನು ಪೂರ್ತಿ ಬೈಯಲಾರೆ. ಅವರು ಆ ಮಾಂಗಾ ಓದಿಲ್ಲದೆಯೂ ಅದರ ಸಾರ ಹಿಡಿದಿದ್ದಾರೆ. ನಮ್ಮಂಥವರು ವರ್ಷಗಟ್ಟಲೆ ಓದಿ, ಯಾರ ಪಟ್ಟು ಜೋರು, ಯಾರ ಹಣ್ಣಿನ ಶಕ್ತಿ ದೊಡ್ಡದು ಅಂತ ಜಗಳ ಆಡಿಕೊಂಡು ಕೂತಿದ್ದೇವೆ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಲೂಫಿ ಒಬ್ಬ ರಬ್ಬರ್ ಮೈಯ ಹುಡುಗ. ಬಾವುಟದ ಬುರುಡೆ ಮೇಲಿರುವ ಟೋಪಿ ಅವನದೇ. ಮಾಯದ ಹಣ್ಣು ತಿಂದು ಹಾಗಾದ. ಆ ಹಣ್ಣು ತಿಂದವರಿಗೆ ಈಜು ಬರುವುದಿಲ್ಲ. ಈಜು ಬಾರದವನು ಕಡಲ್ಗಳ್ಳರ ರಾಜನಾಗಲು ಹೊರಟಿದ್ದಾನೆ. ರಾಜನಾಗಿ ಯಾರನ್ನೂ ಆಳುವ ಆಸೆ ಅವನಿಗಿಲ್ಲ. ಈ ಕಡಲಲ್ಲಿ ಎಲ್ಲರಿಗಿಂತ ಹೆಚ್ಚು ಸ್ವತಂತ್ರನಾಗಿ ಇರುವವನೇ ರಾಜ ಅನ್ನುವುದು ಅವನ ಲೆಕ್ಕ. ಹೊಟ್ಟೆ ತುಂಬ ಮಾಂಸ ಸಿಕ್ಕರೆ ಇನ್ನೇನೂ ಬೇಡ.

ಎದುರಿಗಿರುವುದು ವಿಶ್ವ ಸರ್ಕಾರ. ಅದರ ತುತ್ತತುದಿಯಲ್ಲಿ ಒಂದಷ್ಟು ಮೇಲ್ಕುಲದ ಜನ. ಇವರು ಬೀದಿಗೆ ಇಳಿದರೆ ತಲೆ ಸುತ್ತ ಗಾಜಿನಂಥ ಗುಳ್ಳೆ ಹಾಕಿಕೊಂಡೇ ಇಳಿಯುತ್ತಾರೆ. ಯಾಕೆ? ಸಾಮಾನ್ಯರು ಉಸಿರಾಡಿದ ಗಾಳಿ ತಮ್ಮ ಮೂಗಿಗೆ ತಾಗಬಾರದು. ಗುಳ್ಳೆಯೊಳಗಿನ ಮುಖಗಳನ್ನು ಬರೆಯುವಾಗ ಈ ಮಾಂಗಾ ಬರೆಯುವ ಐಚಿರೊ ಒಡಾ ಅವರ ಪೆನ್ನಿಗೆ ಅದೇನು ಖುಷಿಯೋ. ಮೂಗಿನಿಂದ ಸಿಂಬಳ ಇಳಿಯುವುದನ್ನೂ ಬಿಡುವುದಿಲ್ಲ.

ಮುಂದೆ ಲೂಫಿಯ ತಂಡ ಸೇರುವ ರಾಬಿನ್ ಎಂಬ ಹುಡುಗಿ ಬರುತ್ತಾಳೆ. ಎಂಟು ವರ್ಷಕ್ಕೇ ಅವಳ ತಲೆಗೆ 7 ಕೋಟಿ 90 ಲಕ್ಷ ಬೆರಿ (ಆ ಲೋಕದ ದುಡ್ಡು) ಬೆಲೆ ಕಟ್ಟುತ್ತದೆ ಸರ್ಕಾರ. ಅವಳ ಅಪರಾಧ, ಹಳೆಯ ಕಲ್ಲುಗಳ ಮೇಲಿನ ಬರಹ ಓದಲು ಬರುತ್ತಿತ್ತು. ಚರಿತ್ರೆಯಲ್ಲಿ ನೂರು ವರ್ಷ ಕಾಣೆಯಾಗಿದೆ, ಅದೆಲ್ಲಿ ಅಂತ ಹುಡುಕಿದ ಅವಳ ಊರನ್ನೇ ಸುಟ್ಟುಬಿಡುತ್ತಾರೆ. ಬೆಳೆದ ಮೇಲೆ ಅವಳು ಸೆರೆಯಾಗುತ್ತಾಳೆ. ಬಿಡಿಸಲು ಬಂದ ಲೂಫಿಗೆ ಅಧಿಕಾರಿಯೊಬ್ಬ ಮೇಲೆ ಹಾರುತ್ತಿರುವ ಬಾವುಟ ತೋರಿಸಿ, ಇದರ ಹಿಂದೆ 170ಕ್ಕೂ ಹೆಚ್ಚು ದೇಶಗಳಿವೆ ಗೊತ್ತಾ ಎಂದು ಜಂಬ ಕೊಚ್ಚುತ್ತಾನೆ. ಲೂಫಿ ಒಂದು ಸಲ ಮೇಲೆ ನೋಡುತ್ತಾನೆ. ಪಕ್ಕದವನಿಗೆ, ಅದನ್ನು ಹೊಡಿ ಅನ್ನುತ್ತಾನೆ. ಬಾವುಟ ಉರಿಯುತ್ತದೆ. ಇದನ್ನು ಶಾಲೆಯ ಬೆಂಚಿನ ಕೆಳಗಿಟ್ಟು ಓದಿದ ಹುಡುಗರೇ ಈಗ ಲಾರಿ ಓಡಿಸುತ್ತಿದ್ದಾರೆ.

ಅಂಥಾ ಸರ್ವಜ್ಞ ಸರ್ಕಾರ ಲೂಫಿಯ ಹಡಗಿನ ವೈದ್ಯನಿಗೆ ಮೊದಲು ಕಟ್ಟಿದ ಬೆಲೆ ಎಷ್ಟು ಗೊತ್ತೇ? 50 ಬೆರಿ. ಅವನು ಹಿಮಸಾರಂಗ ಅಲ್ವಾ, ಸಾಕುಪ್ರಾಣಿ ಇರಬೇಕು ಅಂದುಕೊಂಡರು. ಲೂಫಿಯ ಬೆಲೆ ಮಾತ್ರ 3 ಕೋಟಿಯಿಂದ ಶುರುವಾಗಿ 300 ಕೋಟಿಗೆ ಏರಿದೆ. ಬೆಲೆ ಏರಿದರೆ ಅವನು ನೋಟಿಸು ಹಿಡಿದು ಕುಣಿಯುತ್ತಾನೆ. ದ್ರೋಹ, ಸಂಚು ಎಂದು ದೊಡ್ಡವರು ಹೇಳಿಕೆ ಕೊಟ್ಟಷ್ಟೂ ಬಾವುಟದ ಆರ್ಡರು ಜಾಸ್ತಿಯಾದದ್ದು ಈ ಲೆಕ್ಕದಲ್ಲೇ.

ಮಧ್ಯ ಜಾವಾದ ಸ್ರಾಗೆನ್‌ನಲ್ಲಿ ಊರಿನ ರಸ್ತೆ ಮೇಲೆ ಬರೆದಿದ್ದ ಬುರುಡೆಗೆ ಬಣ್ಣ ಬಳಿಸಿ ಅಳಿಸಿದರು. ನಮ್ಮ ಗೋಡೆಯ ಅನುಭವ ಕೇಳಿದ್ದರೆ ಬಣ್ಣದ ದುಡ್ಡಾದರೂ ಉಳಿಯುತ್ತಿತ್ತು. ಕೊನೆಗೆ, ಅಧ್ಯಕ್ಷರಿಗೆ ಇದರಿಂದ ತೊಂದರೆಯೇನಿಲ್ಲ, ಇದೂ ಒಂದು ಸೃಜನಶೀಲತೆ, ರಾಷ್ಟ್ರಧ್ವಜಕ್ಕೆ ಎದುರಾಗಿ ನಿಲ್ಲಿಸಬೇಡಿ ಅಷ್ಟೇ, ಎಂದು ಅಧ್ಯಕ್ಷರ ಕಡೆಯವರು ಸಮಾಧಾನ ಹೇಳಿದರು. ಅಷ್ಟರಲ್ಲಿ ಬುರುಡೆಗೆ ಪಾಸ್‌ಪೋರ್ಟ್ ಸಿಕ್ಕಾಗಿತ್ತು. ಸೆಪ್ಟೆಂಬರ್‌ನಲ್ಲಿ ನೇಪಾಳದ ಯುವಜನರು ಬೀದಿಗಿಳಿದಾಗ, ಅಲ್ಲಿನ ಸರ್ಕಾರದ ಕಚೇರಿಗಳಿರುವ ಕಠ್ಮಂಡುವಿನ ಸಿಂಹ ದರ್ಬಾರಿನ ಗೇಟಿನ ಮೇಲೆ ಅದು ನೇತಾಡುತ್ತಿತ್ತು. ಅಲ್ಲಿ ಎಳೆಯ ಜೀವಗಳು ಹೋದವು. ಅದರಲ್ಲಿ ನಗುವಂಥದ್ದೇನೂ ಇಲ್ಲ.

ಈ ಕಥೆ ಶುರುವಾದದ್ದು 1997ರ ಜುಲೈನಲ್ಲಿ. ಆಗ ಇಂಡೋನೇಷ್ಯಾವನ್ನು ಆಳುತ್ತಿದ್ದದ್ದು ಸುಹಾರ್ತೊ. ಪ್ರಬೋವೊ ಸೈನ್ಯದಲ್ಲಿದ್ದ ಅವರ ಅಳಿಯ. ಅಲ್ಲಿಂದ ಇಲ್ಲಿಗೆ ಲೂಫಿ ಆ ದೇಶದ ಏಳು ಅಧ್ಯಕ್ಷರನ್ನು ನೋಡಿದ್ದಾನೆ. ಐದು ವರ್ಷಕ್ಕೆ ಮುಗಿಸುತ್ತೇನೆ ಎಂದು ಹೊರಟಿದ್ದ ಒಡಾ 1,100 ಅಧ್ಯಾಯ ದಾಟಿ ಇನ್ನೂ ಬರೆಯುತ್ತಿದ್ದಾರೆ. ಐದು ವರ್ಷದ ಭರವಸೆ ಎಳೆಯುವುದರಲ್ಲಿ ಅವರೂ ಯಾವ ಸರ್ಕಾರಕ್ಕೂ ಕಮ್ಮಿಯಿಲ್ಲ.

ಜಪಾನಿನಲ್ಲಿ ಸೋಮವಾರ ಹುಟ್ಟಿದಾಗ ನಮ್ಮಲ್ಲಿ ಭಾನುವಾರ ರಾತ್ರಿ ಎಂಟೂವರೆ. ಹೊಸ ಅಧ್ಯಾಯ ಬರುವುದು ಆಗ. ಮೊನ್ನೆ ಅಕ್ಕನ ಮಗ ನಮ್ಮನೆಗೇ ಊಟಕ್ಕೆ ಬಂದಿದ್ದ. ಇಂಡೋನೇಷ್ಯಾದ ವಿಷಯ ಹೇಳಿ, "ನಿಂಗೆ ಸಿಟ್ಟು ಬರಲ್ವೇನೋ?" ಅಂತ ಕೇಳಿದೆ. "ಬಿಡು ಮಾಮ, ಸರ್ಕಾರ ಅಂದ್ರೆ ಹಂಗೇ ಅಲ್ವಾ," ಅಂದು ಅನ್ನಕ್ಕೆ ಸಾರು ಕಲಸಿಕೊಂಡ. ಎಡಗೈಯಲ್ಲಿ ಫೋನು. ಕೊನೆ ಪುಟಕ್ಕೆ ಬಂದವನೇ ತಟ್ಟೆ ತಳ್ಳಿ ಎದ್ದು ನಿಂತ. ಮುಖ ಕೆಂಪಾಗಿತ್ತು.

"ಏನಾಯ್ತೋ?"

"ಮುಂದಿನ ವಾರ ರಜೆ ಅಂತೆ ಮಾಮ! ಮತ್ತೆ ರಜೆ!"