ಲಿನಕ್ಸ್ ಎಡಿಟರ್‌ಗೆ ವರ್ಚುವಲ್ ಮೆಷೀನ್ ಬೇಕಿಲ್ಲ

ಒಳ್ಳೆಯ ಬರಹ ಸರ್. ಒಂದು ಮಾತು ಮಾತ್ರ ಒಪ್ಪಲಿಲ್ಲ. ಫ್ರೀಬಿಎಸ್‌ಡಿ ಅನ್ನೋ ಓಎಸ್‌ನಲ್ಲಿ, ಲಿನಕ್ಸ್‌ಗೆ ಕಟ್ಟಿದ ಸಬ್ಲೈಮ್ ಟೆಕ್ಸ್ಟ್ (ಕೋಡ್ ಬರೆಯುವ ಎಡಿಟರ್) ಬೇಕಾದರೆ ವರ್ಚುವಲ್ ಮೆಷೀನ್, ಅಂದರೆ ಇನ್ನೊಂದು ಓಎಸ್ ಓಡಿಸುವ ನಕಲಿ ಯಂತ್ರ, ಹಾಕಲೇಬೇಕು ಅಂತ ಬರೆದಿದ್ದೀರಿ. ಇಲ್ಲಿ ತುಮಕೂರಿನ ಕ್ಯಾತ್ಸಂದ್ರದಲ್ಲಿ, ನಮ್ಮ ಮನೆಯ 4 ಜಿಬಿ ರ‍್ಯಾಮ್ ಇರುವ ಹಳೇ ಲ್ಯಾಪ್‌ಟಾಪ್‌ನಲ್ಲಿ ಅದು ದಿನಾ ನೇರವಾಗಿಯೇ ಓಡುತ್ತಿದೆ. ಅಷ್ಟು ಮೆಮೊರಿಯಲ್ಲಿ ಇನ್ನೊಂದು ಓಎಸ್ ಕೂರಿಸಿದರೆ ಯಂತ್ರಕ್ಕೆ ಉಸಿರು ಕಟ್ಟುತ್ತದೆ, ಅಲ್ವಾ?

ಫ್ರೀಬಿಎಸ್‌ಡಿಯ ಕರ್ನಲ್‌ಗೆ (ಓಎಸ್‌ನ ತಿರುಳು) 'ಲಿನಕ್ಸ್ಯುಲೇಟರ್' ಅನ್ನೋ ಸೌಲಭ್ಯ ಇದೆ. ಲಿನಕ್ಸ್ ಪ್ರೋಗ್ರಾಂನ ಸಿಸ್ಟಮ್ ಕಾಲ್‌ಗಳಿಗೆ, ಅಂದರೆ ಅದು ಓಎಸ್‌ಗೆ ಹೇಳುವ ಕೆಲಸಗಳಿಗೆ, ಕರ್ನಲ್ಲೇ ಉತ್ತರ ಕೊಡುತ್ತದೆ. ಮಧ್ಯೆ ನಕಲಿ ಯಂತ್ರ ಯಾವುದೂ ಇರುವುದಿಲ್ಲ.

ನಾನು ಮೊದಲು 'ಲಿನಕ್ಸ್' ಸರ್ವೀಸ್ ಶುರು ಮಾಡಿ, ಎಡಿಟರ್ ಇಳಿಸಿಕೊಂಡು ಓಡಿಸಿದೆ. ಇಎಲ್‌ಎಫ್ ಇಂಟರ್‌ಪ್ರಿಟರ್ (ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳನ್ನು ಜೋಡಿಸಿ ಶುರು ಮಾಡುವ ಭಾಗ) ಸಿಗಲಿಲ್ಲ ಅಂತ ಒಂದೇ ಸಾಲು ಬಂದು ನಿಂತಿತು. ಅರ್ಧ ದಿನ ಸುಮ್ನೆ ಎಡಿಟರ್ ಮೇಲೆ ಅನುಮಾನ ಪಟ್ಟೆ. ತಪ್ಪು ಅದರದ್ದಲ್ಲ. ಬಹುತೇಕ ಲಿನಕ್ಸ್ ಪ್ರೋಗ್ರಾಂಗಳಿಗೆ ಬೇಕಾದ ಜಿಲಿಬ್‌ಸಿ ಅನ್ನೋ ಮೂಲ ಲೈಬ್ರರಿಗಳೇ ನನ್ನ ಹತ್ತಿರ ಇರಲಿಲ್ಲ. ಅವನ್ನು ಪ್ಯಾಕೇಜ್ ಆಗಿ ಹಾಕಬೇಕು, 'ಕಾಂಪ್ಯಾಟ್' ಒಳಗಿನ 'ಲಿನಕ್ಸ್' ಫೋಲ್ಡರ್‌ಗೆ ಹೋಗಿ ಕೂರುತ್ತವೆ. ಇಲ್ಲೊಂದು ಎಚ್ಚರ. ಸೆಂಟ್‌ಓಎಸ್ 7 ಅನ್ನೋ ಹಳೇ ಲಿನಕ್ಸ್ ಆಧಾರದ ಪ್ಯಾಕೇಜ್ ಹಾಕಿದರೆ ಜಿಲಿಬ್‌ಸಿ 2.17 ಸಿಗುತ್ತದೆ, ಈಗಿನ ಎಷ್ಟೋ ಪ್ರೋಗ್ರಾಂಗಳಿಗೆ ಅದು ಸಾಲದು. ರಾಕಿ ಲಿನಕ್ಸ್ 9 ಆಧಾರದ್ದರಲ್ಲಿ 2.34 ಇದೆ, ಅದನ್ನೇ ಹಾಕಿ.

ಫ್ರೀಬಿಎಸ್‌ಡಿಯ ಸಾಫ್ಟ್‌ವೇರ್ ಸಂಗ್ರಹವಾದ ಪೋರ್ಟ್ಸ್‌ನಲ್ಲಿ ಸಬ್ಲೈಮ್ 4 ಸಿದ್ಧವಾಗಿಯೇ ಇದೆ, ನನಗೆ ಆಮೇಲೆ ಗೊತ್ತಾಯಿತು. ವಿಎಸ್ ಕೋಡ್ ಎಡಿಟರ್ ಬೇಕಿದ್ದವರಿಗೆ ಇದ್ಯಾವುದೂ ಬೇಡ, ಫ್ರೀಬಿಎಸ್‌ಡಿಗೇ ಕಟ್ಟಿದ ಪ್ಯಾಕೇಜ್ ಇದೆ. ಆದರೆ ಓಪನ್‌ಬಿಎಸ್‌ಡಿ ಅನ್ನೋ ಇನ್ನೊಂದು ಬಿಎಸ್‌ಡಿ ಓಎಸ್ ಬಳಸುವವರಿಗೆ ಈ ದಾರಿ ಇಲ್ಲ. 2016ರ 6.0 ಆವೃತ್ತಿಯಲ್ಲೇ ಲಿನಕ್ಸ್ ಬೆಂಬಲ ತೆಗೆದರು. ಬರಹದಲ್ಲಿ ಎರಡನ್ನೂ ಒಟ್ಟಿಗೆ 'ಬಿಎಸ್‌ಡಿ' ಅಂದಿದ್ದೀರಿ, ಅದೊಂದನ್ನು ದಯವಿಟ್ಟು ಬಿಡಿಸಿ ಬರೆಯಿರಿ.