ತೊಟ್ಟಿಲದಾಗ ಹತ್ತು ಸಾವಿರ ಹೆಜ್ಜಿ

ಗೋಳಗುಮ್ಮಟದೊಳಗೆ ಒಮ್ಮೆ ಚಪ್ಪಾಳೆ ತಟ್ಟಿದರೆ ಏಳು ಸಲ ಕೇಳಿಸುತ್ತದೆ ಅನ್ನುವುದು ವಿಜಯಪುರದ ಹಳೇ ಮಾತು. ಈಗ ಊರಿನ ಮೊಬೈಲುಗಳಿಗೂ ಆ ಗುಣ ಹತ್ತಿದೆ. ಒಂದು ಹೆಜ್ಜೆ ಇಟ್ಟರೆ ಏಳು ತೋರಿಸುತ್ತವೆ. ಕೆಲವು ಇಡದಿದ್ದರೂ ತೋರಿಸುತ್ತವೆ.

ಎಲ್ಲಾ ‘ಆರೋಗ್ಯ ಅಭಿಯಾನ’ದ ಕೃಪೆ. ಕಚೇರಿಗೊಂದು, ಕಾಲೋನಿಗೊಂದು, ಬೀಗರ ವಾಟ್ಸ್ಆ್ಯಪ್ ಗ್ರೂಪಿಗೂ ಒಂದು. 30 ದಿನ, ದಿನಕ್ಕೆ 10,000 ಹೆಜ್ಜೆ, ರಾತ್ರಿ 12ರೊಳಗೆ ಸ್ಕ್ರೀನ್‌ಶಾಟ್. ನಡೆದಿರೇನು ಅಂತ ಯಾರೂ ಕೇಳುವುದಿಲ್ಲ, ‘ಹಾಕಿದ್ರೇನು?’ ಅಂತ ಕೇಳುತ್ತಾರೆ. ಜನಕ್ಕೆ ಯಾವುದನ್ನು ಕೇಳುತ್ತಾರೋ ಅದೇ ರೂಢಿ ಬೀಳುತ್ತದೆ.

ಮೊಬೈಲಿಗೆ ಕಾಲು ಕಾಣುವುದಿಲ್ಲ ಅನ್ನುವುದನ್ನು ಮೊದಲು ತಿಳಿಯಬೇಕು. ಒಳಗಿರುವುದು ಜೋಳದ ಕಾಳಿಗಿಂತ ಸಣ್ಣದೊಂದು ಚಿಪ್ಪು, ಹೆಸರು ಆಕ್ಸಿಲರೋಮೀಟರ್. ಮೂರೂ ದಿಕ್ಕಿನ ಅಲುಗಾಟವನ್ನು ಅದು ಅಳೆಯುತ್ತದೆ. ಸೆಕೆಂಡಿಗೆ ಎರಡರ ಆಸುಪಾಸಿನ ಲಯದಲ್ಲಿ ಒಂದೇ ಸಮ ಕುಲುಕಿದರೆ ಅದನ್ನೇ ಹೆಜ್ಜೆ ಅನ್ನುತ್ತದೆ. ಸುಳ್ಳು ಲೆಕ್ಕ ಬೀಳಬಾರದೆಂದು ಹೆಚ್ಚಿನ ಆ್ಯಪ್‌ಗಳು ಮೊದಲ ಕೆಲವು ಕುಲುಕನ್ನು ತಡೆದಿಟ್ಟುಕೊಂಡು, ಲಯ ಮುಂದುವರಿದರೆ ಮಾತ್ರ ಜಮಾ ಮಾಡುತ್ತವೆ. ಒಲೆಯಿಂದ ಪಡಸಾಲೆಗೆ ಆರು ಹೆಜ್ಜೆ, ಪಡಸಾಲೆಯಿಂದ ಬಚ್ಚಲಿಗೆ ಐದು. ಹಿಂಗೆ ದಿನವೆಲ್ಲಾ ತಿರುಗುವ ವೈನಿಯ ಲೆಕ್ಕ ಈ ತಡೆಯಲ್ಲೇ ಸೋರಿಹೋಗುತ್ತದೆ. ಅದೂ ಮೊಬೈಲು ಸೊಂಟದಲ್ಲಿದ್ದರೆ. ಅದು ಗೋಡೆಯ ಮಾಡದೊಳಗೆ ಚಾರ್ಜಿಗೆ ಬಿದ್ದಿರುತ್ತದೆ, ವೈನಿಯ ಹೆಜ್ಜೆ ಸೊನ್ನೆ.

ಕುಲುಕಿದರೆ ಸಾಕು ಅಂತ ಗೊತ್ತಾದ ಮೇಲೆ ನಡೆಯುವವರು ಯಾರು? ಸಂಶೋಧನೆ ಶುರುವಾಯಿತು. ಫ್ಯಾನಿಗೆ ಕಟ್ಟಿದವರು ಸೋತರು. ಒಂದೇ ವೇಗದಲ್ಲಿ ತಿರುಗುವ ಫ್ಯಾನಿನ ಸೆಳೆತವೂ ಒಂದೇ ಸಮ, ಏರಿಳಿತವೇ ಇಲ್ಲದ ಮೇಲೆ ಚಿಪ್ಪು ಏನು ಎಣಿಸೀತು? ಗೋಡೆಗೆ ಬಡಿದ ಸ್ಕ್ರೀನಿನ ಚೂರುಗಳನ್ನು ಮಾತ್ರ ಎಣಿಸಿಕೊಳ್ಳಬೇಕಾಯಿತು. ಗಾಡಿಯ ಹ್ಯಾಂಡಲಿಗೆ ಸಿಕ್ಕಿಸಿದವರಿಗೂ ಅಷ್ಟಕ್ಕಷ್ಟೆ. ಇಂಜಿನ್ನಿನ ನಡುಕ ಕಾಲಿನ ಲಯಕ್ಕಿಂತ ಎಷ್ಟೋ ಪಾಲು ಚುರುಕು, ಆ್ಯಪ್ ಅದನ್ನು ಸೋಸಿ ಬಿಡುತ್ತದೆ. ಆಗಾಗ ಒಂದಿಷ್ಟು ಹೆಜ್ಜೆ ದಾನ ಮಾಡುವುದು ರಸ್ತೆಯ ತಗ್ಗುಗಳು.

ಗೆದ್ದದ್ದು ತೊಟ್ಟಿಲು. ಇಲ್ಲೂ ಲೆಕ್ಕ ಇದೆ. ಹಗ್ಗ ಒಂದು ಮೀಟರ್ ಇದ್ದರೆ ಹೋಗಿ ಬರಲು ಎರಡು ಸೆಕೆಂಡ್ ಬೇಕು, ಅದರಲ್ಲಿ ಕುಲುಕು ಎರಡೇ. ನಿಮಿಷಕ್ಕೆ 60 ಅಂದರೆ ತೀರಾ ಮುಪ್ಪಿನ ನಡಿಗೆ, ಎಲ್ಲಾ ಆ್ಯಪ್ ಒಪ್ಪುವುದಿಲ್ಲ. ಮೊಬೈಲಿಗೆ ಬೇರೆ ದಾರ ಕಟ್ಟಿ, ಉದ್ದ 25 ಸೆಂಟಿಮೀಟರಿಗೆ ಇಳಿಸಿ ತೂಗಿದರೆ ನಿಮಿಷಕ್ಕೆ 120, ಹತ್ತು ಸಾವಿರಕ್ಕೆ ಒಂದು ತಾಸು 23 ನಿಮಿಷ. ಒಂದೇ ಕೊರತೆ, ತಾನಾಗಿ ನಿಂತುಬಿಡುತ್ತದೆ. ತೂಗಲಿಕ್ಕೆ ಆಳು ಬೇಕು.

“ಯವ್ವಾ, ಕೂಸಿನ ಜೋಡಿ ಇದನ್ನೂ ಒಂದೀಟ ತೂಗ ಬೇ.”

“ಕೂಸ ಮಲಗಿ ತಾಸ ಆತು. ನಿನ್ನ ಮೊಬೈಲಿಗೆ ಯಾವಾಗ ನಿದ್ದಿ ಬರ್ತೈತಿ, ಅದನ್ನ ಹೇಳಪಾ.”

ಕೈಗಡಿಯಾರ ಕಟ್ಟಿದವರ ಕಥೆ ಇನ್ನೂ ಚಂದ. ಅದು ಎಣಿಸುವುದು ಕೈ ಬೀಸುವುದನ್ನು. ಹೀಗಾಗಿ ಕುಂತಲ್ಲೇ ರೊಟ್ಟಿ ಬಡಿದರೆ ಹೆಜ್ಜೆ ಏರುತ್ತದೆ, ಉರಿಬಿಸಿಲಿನಲ್ಲಿ ಕಾಯಿಪಲ್ಲೆ ಗಾಡಿ ತಳ್ಳುತ್ತಾ ಓಣಿ ಓಣಿ ಅಲೆದರೆ ಏರುವುದೇ ಕಷ್ಟ, ಯಾಕೆಂದರೆ ಎರಡೂ ಕೈ ಹಿಡಿಕೆಯ ಮೇಲಿರುತ್ತವೆ. ಗಡಿಯಾರದ ಪ್ರಕಾರ ಗಾಡಿಯವನು ಆಲಸಿ. ಎರಡು ಗಂಟೆಯ ಬಿಸಿಲಿನಲ್ಲಿ ‘ಬಹಳ ಹೊತ್ತು ಕುಳಿತಿದ್ದೀರಿ, ಏಳಿ’ ಅಂತ ಅವನಿಗೇ ಗುರ್ರೆನ್ನುತ್ತದೆ.

ಅಷ್ಟಕ್ಕೂ ಈ ಹತ್ತು ಸಾವಿರ ಯಾವ ವೈದ್ಯರ ಚೀಟಿಯಿಂದ ಬಂದದ್ದು? 1964ರ ಟೋಕಿಯೊ ಒಲಿಂಪಿಕ್ಸಿನ ಹುಮ್ಮಸ್ಸಿನಲ್ಲಿ, 1965ರಲ್ಲಿ ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸುವ ಯಂತ್ರ ಮಾರಿತು. ಅದರ ಹೆಸರೇ ‘ಮಾನ್ಪೊ-ಕೇ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ವ್ಯಾಪಾರದ ಹೆಸರು ಅರವತ್ತು ವರ್ಷದಲ್ಲಿ ಶಾಸ್ತ್ರವಾಗಿ ಕೂತಿತು. 2019ರಲ್ಲಿ ಅಮೆರಿಕದ 16,741 ಹಿರಿಯ ಹೆಣ್ಣುಮಕ್ಕಳ ಹೆಜ್ಜೆ ಎಣಿಸಿದ ಅಧ್ಯಯನ ಬಂತು. ದಿನಕ್ಕೆ 4,400ರಷ್ಟು ನಡೆದವರಲ್ಲೇ, 2,700 ನಡೆದವರಿಗಿಂತ ಸಾವಿನ ಪ್ರಮಾಣ ಕಡಿಮೆ ಕಂಡಿತ್ತು. 7,500ರ ಹೊತ್ತಿಗೆ ಆ ಲಾಭ ಸಮತಟ್ಟಾಯಿತು. ಆದರೆ 7,500ಕ್ಕೆ ಬ್ಯಾನರ್ ಮಾಡಿಸಿದರೆ ನೋಡಲಿಕ್ಕೆ ಭಾರ ಇರುವುದಿಲ್ಲ.

ಇನ್ನು ‘ಸ್ಟ್ರೀಕ್’. ಒಂದು ದಿನ ತಪ್ಪಿದರೆ ಸರಪಳಿ ಕಡಿದು ಮತ್ತೆ ಸೊನ್ನೆಯಿಂದ ಶುರು. ಇದರ ಹೆದರಿಕೆಗೇ ರಾತ್ರಿ 11.50ಕ್ಕೆ ಅಂಗಳದಲ್ಲಿ ಟಾವೆಲ್ ಸುತ್ತಿಕೊಂಡು ಗರಗರ ತಿರುಗುವ ಗಂಡಸರನ್ನು ನೋಡಿ ನಾಯಿಗಳೂ ಬೊಗಳುವುದು ಬಿಟ್ಟಿವೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಹಿಂಬಾಲಿಸಿ ನೋಡಿದಾಗ, ಒಂದು ರೂಢಿ ಕೂರಲು ಸರಾಸರಿ 66 ದಿನ ಬೇಕೆಂದು ಲೆಕ್ಕ ಸಿಕ್ಕಿತು. ಕೆಲವರಿಗೆ 18 ಸಾಕು, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಇಲ್ಲ ಅಂತಲೂ ಕಂಡುಬಂತು. ನಮ್ಮ ಅಭಿಯಾನ ಮುಗಿಯುವುದು 30ಕ್ಕೆ. 31ನೇ ದಿನ ತೊಟ್ಟಿಲು ಪೂರ್ತಿ ಕೂಸಿನದು.

ಊಟದ ಆ್ಯಪಿನ ಬಗ್ಗೆ ಹೆಚ್ಚು ಹೇಳುವುದು ಬೇಡ. ಅದಕ್ಕೆ ಗೊತ್ತಿರುವುದು ಗೋಧಿಯ ‘ರೋಟಿ’. ಕಟಕ ರೊಟ್ಟಿ, ಮಡಕಿ ಕಾಳ ಪಲ್ಯ, ಗುರೆಳ್ಳ ಹಿಂಡಿ ಅಂದರೆ ‘ಸಿಗಲಿಲ್ಲ’ ಅನ್ನುತ್ತದೆ. 50 ಗ್ರಾಂ ಜೋಳದ ಹಿಟ್ಟಿಗೆ ಸುಮಾರು 170 ಕ್ಯಾಲೊರಿ ಅಂತ ಕೈಯಿಂದ ಬರೆದುಕೊಂಡರೆ ಆಯಿತು, ಆದರೆ ಅಷ್ಟು ತಾಳ್ಮೆ ಇದ್ದವರು ಆ್ಯಪ್ ಯಾಕೆ ಇಳಿಸಿಕೊಂಡಾರು? ನೀರಿನ ಆ್ಯಪ್ ತಾಸಿಗೊಮ್ಮೆ ‘ನೀರು ಕುಡಿಯಿರಿ’ ಅನ್ನುತ್ತದೆ. ನಳ ಯಾವತ್ತು ಬರುತ್ತದೆ ಅನ್ನುವ ನೋಟಿಫಿಕೇಶನ್ ಮಾತ್ರ ಅದರಲ್ಲಿಲ್ಲ.

ಈ ಸಾಧನಗಳಿಂದ ಉಪಯೋಗ ಇಲ್ಲವೇ ಇಲ್ಲ ಅಂತಲ್ಲ. ಮೊದಲ ವಾರ ಏನೂ ಬದಲಿಸದೆ ಸುಮ್ಮನೆ ಎಣಿಸಬೇಕು. ಸರಾಸರಿ 3,200 ಬಂದರೆ ಗುರಿ 4,200, ಮತ್ತೆರಡು ವಾರ ಬಿಟ್ಟು ಇನ್ನೊಂದು ಸಾವಿರ. ಅಲಾರಾಂ ಒಂದೇ ಇಟ್ಟುಕೊಂಡು, ಅದನ್ನು ದಿನಾ ತಪ್ಪದ ಸಂಜೆಯ ಚಹಾಕ್ಕೆ ಗಂಟು ಹಾಕಬೇಕು: ಕಪ್ಪು ಕೆಳಗಿಟ್ಟ ಕೂಡಲೇ ಚಪ್ಪಲಿ. ಉಳಿದ ನೋಟಿಫಿಕೇಶನ್ನು, ಯಾರು ಮುಂದು ಯಾರು ಹಿಂದು ಅನ್ನುವ ಪಟ್ಟಿ, ಎರಡೂ ಬಂದ್. ಅಭಿಯಾನದ ಸಮಿತಿಯ ಮುಂದೆ ಇದನ್ನಿಟ್ಟರೆ ಬರುವ ಪ್ರಶ್ನೆ ಒಂದೇ: “ಎಲ್ಲಾ ಖರೇರೀ, ಇದರಾಗ ಉದ್ಘಾಟನಾ ಎಲ್ಲಿ ಬರ್ತೈತಿ?”

ಉದ್ಘಾಟನೆ ಇದ್ದ ಮೇಲೆ ಸಮಾರೋಪವೂ ಬೇಕಲ್ಲ. ಸಭಾಂಗಣ ಎರಡನೇ ಅಂತಸ್ತಿನಲ್ಲಿ. 30 ದಿನಕ್ಕೆ 4,12,000 ಹೆಜ್ಜೆ ಹಾಕಿದ ಪ್ರಥಮ ಬಹುಮಾನದ ಸಾಹೇಬರು ಕೆಳಗೆ ಬಂದು ನಿಂತಾಗ ಕರೆಂಟು ಇಲ್ಲ, ಲಿಫ್ಟು ಬಂದ್.

“ಮ್ಯಾಲ ಹತ್ತೂದು ಆಗೂದಿಲ್ಲರೀ, ಮೊಣಕಾಲ ಹಿಡದಾವು. ಕಾರ್ಯಕ್ರಮ ಇಲ್ಲೇ ಕೆಳಗ ಮಾಡಿಬಿಡ್ರಿ.”

ಕಸ ಹೊಡೆಯುವ ಅಕ್ಕ ಮೂರು ಸಲ ಹತ್ತಿ ಇಳಿದಳು. ಒಮ್ಮೆ ಬಹುಮಾನದ ಕಪ್ಪು, ಒಮ್ಮೆ ಶಾಲು ಮತ್ತು ಹಾರ, ಒಮ್ಮೆ ಸಾಹೇಬರಿಗೆ ಕುರ್ಚಿ.