ಕೆಂಪು ಚುಕ್ಕೆಯ ನಳದಲ್ಲಿ ತಣ್ಣೀರು

ಮಾರ್ಚ್ ಮುಗಿಯುತ್ತ ಬಂದಂತೆ ನಮ್ಮ ಬಚ್ಚಲಿನ ನಳಗಳು ತಮ್ಮ ಬುದ್ಧಿ ಅದಲುಬದಲು ಮಾಡಿಕೊಳ್ಳುತ್ತವೆ. ನೀಲಿ ಚುಕ್ಕೆಯ ನಳ ತಿರುಗಿಸಿದರೆ ಸುಡುನೀರು, ಕೆಂಪು ಚುಕ್ಕೆಯದನ್ನು ತಿರುಗಿಸಿದರೆ ತಣ್ಣೀರು. ಬೇರೆ ಊರಿನವರಿಗೆ ಹೇಳಿದರೆ ಕಲಬುರಗಿಯ ಬಿಸಿಲು ಇವನ ತಲೆಗೇರಿದೆ ಎಂದುಕೊಳ್ಳುತ್ತಾರೆ. ಏರುವುದು ನಿಜ. ಆದರೆ ಅದು ಮೊದಲು ಏರುವುದು ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿಗೆ. 42 ಡಿಗ್ರಿ ಬಿಸಿಲಿನಲ್ಲಿ ದಿನವಿಡೀ ನಿಂತ ನೀರು ಸಂಜೆ ನಳದಿಂದ ಇಳಿಯುವಾಗ, ಚಹಾಪುಡಿ ಹಾಕಿದರೆ ಬಣ್ಣ ಬಿಟ್ಟೀತು ಎನ್ನುವ ಹದದಲ್ಲಿರುತ್ತದೆ.

ಆಗ ಕೈ ಹಿಡಿಯುವುದು ಗೀಜರ್. ಅಂದರೆ ಸ್ವಿಚ್ ಒತ್ತದ ಗೀಜರ್. ಅದರ ಒಳಗಿನ ತೊಟ್ಟಿಗೂ ಹೊರಕವಚಕ್ಕೂ ನಡುವೆ ಗಟ್ಟಿನೊರೆಯ ಹೊದಿಕೆ ಇರುತ್ತದೆ. ಒಳಗಿನ ಬಿಸಿ ಹೊರಗೆ ಹೋಗಬಾರದೆಂದು ಕಂಪನಿಯವರು ಹಾಕಿದ್ದು. ಹೊರಗಿನ ಬಿಸಿಯನ್ನೂ ಅದು ಅಷ್ಟು ಸುಲಭಕ್ಕೆ ಒಳಗೆ ಬಿಡುವುದಿಲ್ಲ ಎಂದು ಕಂಡುಕೊಂಡವರು ನಾವು. ಬೆಳಗಿನ ಐದು ಗಂಟೆಗೆ ಕೆಂಪು ಚುಕ್ಕೆಯ ನಳವನ್ನು ಒಂದು ಬಕೆಟ್ ತುಂಬುವ ತನಕ ಬಿಟ್ಟರೆ, ರಾತ್ರಿಯ ಗಾಳಿಗೆ ತಂಪಾದ ಟ್ಯಾಂಕಿನ ನೀರು ಇಳಿದು ಗೀಜರಿನಲ್ಲಿ ಕೂರುತ್ತದೆ. ಕುಡಿಯುವುದಕ್ಕಲ್ಲ, ಬಾಯಿ ಮುಕ್ಕಳಿಸುವುದಕ್ಕೂ ಅಲ್ಲ, ಮೈಗೆ ಮಾತ್ರ. ನಾನು ಕಾಲೇಜಿನಿಂದ ಬೆವರಿ ಬರುವ ಹೊತ್ತಿಗೆ 15 ಲೀಟರ್ ಮುಂಜಾವು ನನಗಾಗಿ ಗೋಡೆಯ ಮೇಲೆ ಕಾಯುತ್ತಿರುತ್ತದೆ.

ಹೋದ ಮೇ ತಿಂಗಳಲ್ಲಿ ಮನೆಯಾಕೆಯ ತಮ್ಮ ಬೆಂಗಳೂರಿನಿಂದ ಬಂದ. ಆ ಊರಿನಲ್ಲಿ ಬಚ್ಚಲಿಗೆ ಹೊರಟವನ ಕೈ ತಾನಾಗಿ ಗೀಜರಿನ ಸ್ವಿಚ್ಚಿಗೆ ಹೋಗುತ್ತದಂತೆ. ಇವನ ಕೈಯೂ ಹೋಯಿತು. ಒಳಗೆ ಹೋಗಿ ನೀಲಿ ನಳ ಬಿಟ್ಟ, ಅದರಲ್ಲೇ ಬೇಕಾದ್ದಕ್ಕಿಂತ ಹೆಚ್ಚು ಬಿಸಿ ಬಂತು, ಸ್ನಾನ ಮುಗಿಸಿ ಬಂದು ಮಲಗಿದ. ಸ್ವಿಚ್ ಎಚ್ಚರವಾಗಿಯೇ ಇತ್ತು.

ನಾಲ್ಕು ಗಂಟೆಗೆ ನಾನು ಬಂದವನೇ ಕೆಂಪು ಚುಕ್ಕೆಯನ್ನು ಪೂರ್ತಿ ತಿರುಗಿಸಿ, ಕಣ್ಣು ಮುಚ್ಚಿ, ಶವರಿನ ಕೆಳಗೆ ನಿಂತೆ. 60 ಡಿಗ್ರಿಯ ನೀರು ಐದಾರು ಸೆಕೆಂಡಿನಲ್ಲಿ ಚರ್ಮವನ್ನು ಸುಟ್ಟುಬಿಡಬಲ್ಲದು. ನಾನು ಅಷ್ಟು ಹೊತ್ತು ನಿಲ್ಲಲಿಲ್ಲ. ಮೊದಲ ಸೆಕೆಂಡಿಗೆ ಕೂಗಿದೆ, ಎರಡನೆಯ ಸೆಕೆಂಡಿಗೆ ನೀಲಿ ನಳ ತಿರುಗಿಸಿದೆ, ಅದೂ ಬಿಸಿ. ಮೂರನೆಯ ಸೆಕೆಂಡಿಗೆ ಕೈಗೆ ಸಿಕ್ಕಿದ್ದನ್ನು ಸುತ್ತಿಕೊಂಡು ಪಡಸಾಲೆಯಲ್ಲಿದ್ದೆ. ಸಿಕ್ಕಿದ್ದು ಕಾಲೊರಸು. ಪಡಸಾಲೆಯಲ್ಲಿ ಲಗ್ನಪತ್ರಿಕೆ ಕೊಡಲು ಬಂದಿದ್ದ ಬೀಗರು ಕುಳಿತಿದ್ದರು. ಆ ಮದುವೆಗೆ ನಾನು ಹೋಗಲಿಲ್ಲ.

“ಮಾಮಾ, ಗೀಜರಿನಲ್ಲಿ ಬಿಸಿನೀರು ಬಂದರೆ ಅದು ನನ್ನ ತಪ್ಪೇ?” ಎಂದು ಅವನು ಕೇಳಿದ್ದಕ್ಕೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ಸ್ವಿಚ್ಚಿನ ಮೇಲೆ ‘ಇದು ತಣ್ಣೀರು, ಒತ್ತಬೇಡಿ’ ಎಂದು ಚೀಟಿ ಅಂಟಿಸಿದೆವು.

ಚೀಟಿ ಕಿತ್ತಿದ್ದು ನವೆಂಬರಿನಲ್ಲಿ. ಬೆಳಗಿನ ಗಾಳಿಗೆ ಅವ್ವ ಶಾಲು ಹೊದೆಯತೊಡಗಿದ್ದಳು. ಸ್ವಿಚ್ ಒತ್ತಿದೆ, ಕೆಂಪು ದೀಪ ಹತ್ತಿತು, ಐದು ನಿಮಿಷದಲ್ಲಿ ಒಳಗಿನಿಂದ ಜೋಳದ ಅರಳು ಹುರಿದಂಥ ಸದ್ದು ಶುರುವಾಯಿತು. ಪಟಪಟ, ಗುಡುಗುಡು. ಇನ್ನೈದು ನಿಮಿಷಕ್ಕೆ ದೀಪ ಆರಿತು. ನೀರು ಉಗುರುಬೆಚ್ಚಗೆ. ಜೊತೆಗೆ ಗೀಜರಿನ ತಳದ ಹಿತ್ತಾಳೆ ವಾಲ್ವಿನಿಂದ ತೊಟ್ಟು ತೊಟ್ಟಾಗಿ ನೀರು ಬೀಳುತ್ತಿತ್ತು.

ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕ ಎಂಬುದನ್ನು ಈವರೆಗೆ ಬೇಕೆಂದೇ ಹೇಳಿರಲಿಲ್ಲ. ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. 15 ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಏರಲು ಸುಮಾರು 2,520 ಕಿಲೋಜೂಲ್ ಬೇಕು. ನಮ್ಮದು 2,000 ವ್ಯಾಟಿನದು, ಅಂದರೆ 21 ನಿಮಿಷ, ಖರ್ಚು ಮುಕ್ಕಾಲು ಯೂನಿಟ್ಟಿನ ಒಳಗೆ. ಹತ್ತೇ ನಿಮಿಷಕ್ಕೆ ದೀಪ ಆರುವುದು ಲೆಕ್ಕಕ್ಕೆ ಹೊಂದುವುದಿಲ್ಲ. “ಲೆಕ್ಕ ಸರಿ ಇದೆ, ಗೀಜರ್ ತಪ್ಪಾಗಿದೆ” ಎಂದೆ. ಮನೆಯಾಕೆ ಒಲೆಯ ಮೇಲೆ ನೀರಿಟ್ಟಳು.

ತೊಟ್ಟಿಕ್ಕುವುದನ್ನಾದರೂ ನಿಲ್ಲಿಸೋಣವೆಂದು ಸೈಕಲ್ ಟ್ಯೂಬಿನ ತುಂಡೊಂದನ್ನು ಆ ವಾಲ್ವಿನ ಬಾಯಿಗೆ ಬಿಗಿದು ಸುತ್ತಿ ಗಂಟು ಹಾಕಿದೆ. ಅವ್ವ ಅದಾಗಲೇ ಕೆಳಗೊಂದು ಲೋಟ ಇಟ್ಟಿದ್ದಳು. “ಒಮ್ಮೆ ಕಾಯಿಸಿದರೆ ಸರಿಯಾಗಿ ಒಂದು ಲೋಟ ಬೀಳುತ್ತದೆ ನೋಡು, ಹೆಚ್ಚಿಲ್ಲ, ಕಡಿಮೆಯಿಲ್ಲ” ಎಂದಳು. ಹಳ್ಳಿಯ ಹೆಣ್ಣುಮಗಳ ಅಳತೆ ಎಂದು ನಕ್ಕುಬಿಟ್ಟೆ.

ಹೀಗೇ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಅಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಬೇಕು, ಭಜ್ಜಿ, ಸಜ್ಜೆರೊಟ್ಟಿ, ಶೇಂಗಾ ಹೋಳಿಗೆಯ ಬುತ್ತಿ ಅಲ್ಲೇ ಬಿಚ್ಚಬೇಕು. ಹೊಲ ಆಳಂದದ ಕಡೆ ಇದೆ, ಒಂಬತ್ತಕ್ಕೆ ಜೀಪು ಹೊರಡುತ್ತದೆ, ಮನೆಯಲ್ಲಿ ಒಂಬತ್ತು ಜನ. 60 ಡಿಗ್ರಿಯ 15 ಲೀಟರಿಗೆ ತಣ್ಣೀರು ಬೆರೆಸಿದರೆ ಮೈಗೆ ಹಿತವಾದ 30 ಲೀಟರ್ ಆಗುತ್ತದೆ, ಅಂದರೆ ಎರಡು ಬಕೆಟ್. ಒಂಬತ್ತು ಜನಕ್ಕೆ ಐದು ಸುತ್ತು, ಒಂದೂಮುಕ್ಕಾಲು ಗಂಟೆ. ಪರೀಕ್ಷೆಯ ವೇಳಾಪಟ್ಟಿಯಂತೆ ಬರೆದು ಬಚ್ಚಲಿನ ಬಾಗಿಲಿಗೆ ಅಂಟಿಸಿದೆ. ಗೀಜರಿನ ಈಚಿನ ನಡತೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹಬ್ಬದ ದಿನ ಸರಿಯಾಗುತ್ತದೆ ಎಂಬ ಭಕ್ತಿಯೊಂದಿತ್ತು.

ಮೊದಲ ಸುತ್ತು ನನ್ನದೇ. ಸ್ವಿಚ್ ಒತ್ತಿದೆ. ಟಪ್. ಮನೆಯೆಲ್ಲ ಕತ್ತಲೆ. ಮೀಟರಿನ ಪಕ್ಕದ ಪೆಟ್ಟಿಗೆಯಲ್ಲಿ, ಕರೆಂಟು ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್ಚು ಆರ್‌ಸಿಸಿಬಿ ಕೆಳಗೆ ಬಿದ್ದಿತ್ತು. ಎತ್ತಿದೆ, ಮತ್ತೆ ಒತ್ತಿದೆ, ಮತ್ತೆ ಟಪ್. ಮೂರನೆಯ ಸಲ ಅಡುಗೆಮನೆಯಿಂದ, “ಹೋಳಿಗೆ ಕತ್ತಲಲ್ಲಿ ಬೇಯುತ್ತಿದೆ” ಎಂಬ ಮಾತು ಬಂತು. ಮಿಸ್ತ್ರಿಗೆ ಫೋನ್ ಮಾಡಿ, “ಈ ಆರ್‌ಸಿಸಿಬಿ ಕೆಟ್ಟಿದೆ, ಅದನ್ನು ತಪ್ಪಿಸಿ ನೇರವಾಗಿ ತಂತಿ ಕೊಡುವುದು ಹೇಗೆ ಹೇಳು” ಎಂದೆ.

“ಸರ್, ಈಗ ನೀವು ಹೇಗೆ ನಿಂತಿದ್ದೀರಿ?”

“ಟವೆಲ್ ಉಟ್ಟು ನಿಂತಿದ್ದೇನೆ.”

“ಹಾಗೆ ನಿಂತು ಮಾತನಾಡುತ್ತಿರುವುದೇ ಅದು ಕೆಡದೆ ಇರುವುದರಿಂದ. ಯಾವುದನ್ನೂ ಮುಟ್ಟಬೇಡಿ, ನಾಳೆ ಬರುತ್ತೇನೆ.”

ಅಷ್ಟರಲ್ಲಿ ಹಿತ್ತಲಿನಿಂದ ಹೊಗೆ ಬಂತು. ಅವ್ವ ಮೂರು ಕಲ್ಲು ಹೂಡಿ, ಹನ್ನೆರಡು ವರ್ಷದಿಂದ ಅಟ್ಟದ ಮೇಲಿದ್ದ ತಾಮ್ರದ ಹಂಡೆಯನ್ನು ಏರಿಸಿ, ತೊಗರಿಕಟ್ಟಿಗೆ ಒಟ್ಟಿ ಉರಿ ಹಚ್ಚಿದ್ದಳು. ಒಂಬತ್ತು ಜನರ ಸ್ನಾನ ಎಂಟೂವರೆಗೆ ಮುಗಿಯಿತು. ನನ್ನ ವೇಳಾಪಟ್ಟಿಯಿಂದಲೇ ಒಲೆ ಹಚ್ಚಿದ್ದಳೆಂದು ಜೀಪಿನಲ್ಲಿ ಗೊತ್ತಾಯಿತು.

ಮರುದಿನ ಮಿಸ್ತ್ರಿ ಬಂದು, ಎಂಸಿಬಿ ಇಳಿಸಿ, ನೀರು ಬಸಿದು, ಗೀಜರಿನ ತಳ ಬಿಚ್ಚಿದ. ಮೊದಲು ಕಂಡದ್ದು ಸೈಕಲ್ ಟ್ಯೂಬು. ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ನನ್ನ ಮುಖ ನೋಡಿದ. “ನಿಮ್ಮ ಗಂಟು ಸಡಿಲವಾಗಿದ್ದದ್ದೇ ಪುಣ್ಯ ಸರ್. ಕಾದ ನೀರು ಹಿಗ್ಗುತ್ತದೆ, ಬಂದ ದಾರಿಯಲ್ಲಿ ಹಿಂದಕ್ಕೆ ಹೋಗಲು ಇದೇ ವಾಲ್ವು ಬಿಡುವುದಿಲ್ಲ, ಹಾಗಾಗಿ ಒತ್ತಡ ಏರಿದಾಗ ಇದರ ಬಾಯಿಂದ ಹೊರಗೆ ಬರುತ್ತದೆ. ಬಾಯಿ ಕಟ್ಟಿದರೆ ತೊಟ್ಟಿಯೇ ಒಡೆಯಬಹುದು.” ಅವನು ಹೋದ ಮೇಲೆ ಗುಟ್ಟಾಗಿ ಲೆಕ್ಕ ಹಾಕಿದೆ. 20ರಿಂದ 60 ಡಿಗ್ರಿಗೆ ಏರಿದರೆ 15 ಲೀಟರ್ ನೀರು 200 ಮಿಲಿಲೀಟರಿಗಿಂತ ತುಸು ಹೆಚ್ಚು ಹಿಗ್ಗುತ್ತದೆ. ಅವ್ವನ ಲೋಟಕ್ಕೆ ನೀರು ಅಳೆದು ಹಾಕಿ ನೋಡಿದೆ. ಅವಳಿಗೆ ಹೇಳಲಿಲ್ಲ.

ಆಮೇಲೆ ಹೊರಬಂದದ್ದು ಕಾಯಿಲ್. ಕಾಯಿಲ್ ಎಂದು ಅವನು ಹೇಳಿದ್ದರಿಂದ ನಂಬಿದೆ. ಕಣ್ಣಿಗೆ ಕಂಡದ್ದು ಬೂದುಬಿಳಿ ಕಲ್ಲಿನ ಹುತ್ತ. ಸ್ಕ್ರೂ ಡ್ರೈವರಿನಿಂದ ಕುಟ್ಟಿದಾಗ ಪದರ ಪದರವಾಗಿ ಎದ್ದು ಅಂಗಳದ ಶಹಾಬಾದಿ ಫರ್ಸಿಯ ಮೇಲೆ ಬಿತ್ತು. ಅದರ ಅಡಿಯಲ್ಲಿ ಕಾಯಿಲ್ ಸೀಳಿತ್ತು. “ಬೋರ್‌ವೆಲ್ ನೀರು ಸರ್. ಈ ಕಲ್ಲು ಮುಚ್ಚಿಕೊಂಡರೆ ಕಾಯಿಲಿನ ಬಿಸಿ ನೀರಿಗೆ ಇಳಿಯದೆ ಅಲ್ಲೇ ಕುದಿಯುತ್ತದೆ. ಪಕ್ಕದ ಥರ್ಮೋಸ್ಟಾಟ್ ನೀರು ಕಾಯಿತೆಂದು ಮೋಸಹೋಗಿ ದೀಪ ಆರಿಸುತ್ತದೆ. ಕಾಯಿಲ್ ಒಳಗೊಳಗೇ ಉರಿದು ಒಡೆದು, ಕರೆಂಟು ನೀರಿಗೆ ಇಳಿಯುತ್ತದೆ.” ಕೊನೆಗೆ ಒಂದು ಸಣ್ಣ ತಂತಿ ತೋರಿಸಿದ. ಅದು ಬೆರಳು ದಪ್ಪದ ಮೆಗ್ನೀಸಿಯಂ ಸರಳಾಗಿತ್ತಂತೆ. “ಇವನು ತಾನು ಸವೆದು ತೊಟ್ಟಿಗೆ ತುಕ್ಕು ಹಿಡಿಯದಂತೆ ಕಾಯುತ್ತಾನೆ. ನಮ್ಮ ನೀರಿಗೆ ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು. ನೀವು ಎಷ್ಟು ವರ್ಷವಾಯಿತು ಬಿಚ್ಚಿ?”

ಬಿಚ್ಚಬಹುದೆಂದೇ ನನಗೆ ಗೊತ್ತಿರಲಿಲ್ಲ. ಆದರೆ ಗಡಸು ನೀರನ್ನು ಕಾಯಿಸಿದಾಗ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ತಳದಲ್ಲಿ ಕೂರುವುದನ್ನು ನಾನು 22 ವರ್ಷದಿಂದ ಕಪ್ಪುಹಲಗೆಯ ಮೇಲೆ ಬರೆಯುತ್ತ ಬಂದಿದ್ದೇನೆ. ಕಬ್ಬಿಣವನ್ನು ಉಳಿಸಲು ಮೆಗ್ನೀಸಿಯಂ ತಾನು ಕರಗುವುದನ್ನೂ ಅಷ್ಟೇ ವರ್ಷದಿಂದ ಪಾಠ ಮಾಡಿದ್ದೇನೆ, ಉತ್ತರದಲ್ಲಿ ಸಮೀಕರಣ ಬಿಟ್ಟವರ ಒಂದು ಅಂಕ ಕಳೆದಿದ್ದೇನೆ. ಮನೆಯಾಕೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. “ಇದು ಎಷ್ಟು ಅಂಕದ ಪ್ರಶ್ನೆ?” ಎಂದಷ್ಟೇ ಕೇಳಿ ಒಳಗೆ ಹೋದಳು.

ಹೊಸ ಕಾಯಿಲ್, ಹೊಸ ಸರಳು, ಹೊಸ ವಾಲ್ವು ಹಾಕಿ, ಥರ್ಮೋಸ್ಟಾಟನ್ನು 55ಕ್ಕೆ ತಿರುಗಿಸಿ, ಅರ್ಥಿಂಗ್ ಗುಂಡಿ ಎಲ್ಲಿದೆ ಎಂದು ಮಿಸ್ತ್ರಿ ಕೇಳಿದ. ಹುಡುಕಿದೆವು. ಬಟ್ಟೆ ಒಗೆಯುವ ಕಲ್ಲಿನ ಅಡಿಯಲ್ಲಿ ಸಿಕ್ಕಿತು. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುತ್ತಿರಬೇಕೆಂದು ಹೇಳುವಾಗ ಅವನು ನನ್ನ ಕಡೆ ನೋಡಲಿಲ್ಲ, ಅವ್ವನಿಗೆ ಹೇಳಿದ.

ಫರ್ಸಿಯ ಮೇಲೆ ಬಿದ್ದಿದ್ದ ಹುತ್ತದ ಒಂದು ಚೂರನ್ನು ಜೇಬಿಗೆ ಹಾಕಿಕೊಂಡು ಮರುದಿನ ತರಗತಿಗೆ ಹೋದೆ. ಮೇಜಿನ ಮೇಲಿಟ್ಟು ಎರಡು ಹನಿ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟೆ. ಬುಸಬುಸ ನೊರೆ ಬಂತು. ಇದು ಏನು ಹೇಳಿ ಎಂದೆ. ಮುಂದಿನ ಸಾಲಿನವರು ಸೂತ್ರ ನೆನಪಿಸಿಕೊಳ್ಳುತ್ತಿದ್ದರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಗೀಜರ್ ಕೆಟ್ಟಿತ್ತೇ ಸರ್?” ಎಂದ. ಅವನ ಅಪ್ಪ ಮಿಸ್ತ್ರಿಯಂತೆ.